ಬಚ್ಚಲ ಕಿಟಕಿಯ ಲ್ಯಾವೆಂಡರ್ ಸೀಸೆ ಮತ್ತು ಲಿನಾಲೂಲ್

ಸಾಗರ ಸೀಮೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹಿಡಿದಾಗಿನಿಂದ ನನ್ನ ಕುತ್ತಿಗೆಯ ಎರಡೂ ಬದಿಗೆ ಮತ್ತು ಕಿವಿಯ ಹಿಂಭಾಗದಲ್ಲಿ ಕೆಂಪು ದದ್ದು ಎದ್ದು ವಿಪರೀತ ತುರಿಕೆಯಾಗುತ್ತಿದೆ. ಕೈಬೆರಳಿನ ಸಂದಿಯ ಚರ್ಮವೂ ಒಣಗಿ ಒಡೆದಿದೆ. ತೋಟದ ನುಸಿ ಕಚ್ಚಿದ್ದಿರಬೇಕೆಂದು ಮೊದಲು ಸುಮ್ಮನಿದ್ದೆ. ಹದಿನೈದು ದಿನವಾದರೂ ಇಳಿಯದಿದ್ದಾಗ, ದಿನವೂ ಹಚ್ಚಿಕೊಳ್ಳುವ ಸಾಮಾನುಗಳ ಮೇಲೆ ಅನುಮಾನ ಬಂದು ಒಂದೊಂದರ ಚೀಟಿಯನ್ನೂ ಓದತೊಡಗಿದೆ.

ಮಗಳು ಯೂರೋಪಿನಿಂದ ಕಳಿಸಿದ ಲೋಷನ್ನಿನ ಪಟ್ಟಿಯ ಕೊನೆಯಲ್ಲಿ ಲಿನಾಲೂಲ್, ಲಿಮೋನೀನ್, ಜೆರಾನಿಯಾಲ್ ಎಂದಿದೆ. ನಮ್ಮ ಪೇಟೆಯಲ್ಲಿ ತಂದ ಮೈಸೋಪಿನ ಮೇಲೆ ‘ಪರ್ಫ್ಯೂಮ್’ ಎಂಬ ಒಂದೇ ಮಾತಿದೆ. ಇವೆರಡಲ್ಲದೆ ಎರಡು ವರ್ಷದ ಹಿಂದೆ ಕೊಂಡ ಲ್ಯಾವೆಂಡರ್ ಎಣ್ಣೆಯ ಸಣ್ಣ ಸೀಸೆಯೊಂದಿದೆ. ಮಳೆಗಾಲದಲ್ಲಿ ಕೂದಲು ಒಣಗದೆ ಮುಗ್ಗಲು ವಾಸನೆ ಬರುತ್ತದೆಂದು ಅದರ ನಾಲ್ಕೈದು ಹನಿಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ತಲೆಗೆ ಹಚ್ಚುತ್ತೇನೆ. ಸೀಸೆ ಇರುವುದು ಬಚ್ಚಲ ಕಿಟಕಿಯ ಮೇಲೆ, ಹಂಡೆಯ ಪಕ್ಕದಲ್ಲಿ.

ಈ ನಡುವೆ ನೆಂಟರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿದ್ದಾರೆ. ಲಿನಾಲೂಲ್ ಕ್ಯಾನ್ಸರ್ ತರುವ ವಿಷವೆಂದೂ, ಯೂರೋಪಿನಲ್ಲಿ ಅದನ್ನು ನಿಷೇಧಿಸಿದ್ದಾರೆಂದೂ, ನಮ್ಮ ದೇಶದಲ್ಲಿ ಮಾತ್ರ ಮುಚ್ಚಿಡುತ್ತಿದ್ದಾರೆಂದೂ ಅದರಲ್ಲಿದೆ. ನಿಷೇಧಿಸಿದ್ದಾದರೆ ಮಗಳು ಅಲ್ಲಿಂದಲೇ ಕಳಿಸಿದ ಡಬ್ಬಿಯ ಮೇಲೆ ಅದೇ ಹೆಸರು ಹೇಗೆ ಬಂತು ಎಂಬುದು ನನಗೆ ತಿಳಿಯಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಕೊಪ್ಪದ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು

ಸಾಗರದ ತಂಗಿಗೆ ನಮಸ್ಕಾರ. ನೀವು ಕೇಳಿದ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಸಂದೇಶದ ಸುಳ್ಳನ್ನು ನೀವಾಗಲೇ ಅರ್ಧ ಹಿಡಿದಿದ್ದೀರಿ. ಯೂರೋಪಿನ ಒಕ್ಕೂಟವು ಪ್ರಸಾಧನ ಸಾಮಗ್ರಿಗಳಲ್ಲಿ 2022ರ ಮಾರ್ಚ್ 1ರಿಂದ ನಿಷೇಧಿಸಿದ್ದು ಲಿಲಿಯಾಲ್ ಎಂಬ ಬೇರೆಯೇ ವಸ್ತುವನ್ನು. ಡಬ್ಬಿಗಳ ಮೇಲೆ ಅದರ ಹೆಸರು ಬ್ಯೂಟೈಲ್‌ಫೀನೈಲ್ ಮೀಥೈಲ್‌ಪ್ರೊಪಿಯೊನಾಲ್ ಎಂದಿರುತ್ತಿತ್ತು. ಅದನ್ನು ತೆಗೆದದ್ದು ಕ್ಯಾನ್ಸರಿನ ಕಾರಣಕ್ಕೂ ಅಲ್ಲ, ಸಂತಾನಶಕ್ತಿಗೆ ಹಾನಿ ಮಾಡಬಲ್ಲದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದದ್ದರಿಂದ. ಎರಡು ಹೆಸರೂ ‘ಲಿ’ಯಿಂದ ಆರಂಭವಾಗುತ್ತವೆಂಬುದರ ಹೊರತು ಈ ಎರಡಕ್ಕೂ ನಂಟಿಲ್ಲ. ಲಿನಾಲೂಲನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿಲ್ಲ, ನಿಷೇಧಿಸಿಯೂ ಇಲ್ಲ.

ಲಿನಾಲೂಲ್ ಎಂಬುದು ಇಂಗಾಲದ ಹತ್ತು, ಜಲಜನಕದ ಹದಿನೆಂಟು, ಆಮ್ಲಜನಕದ ಒಂದು ಪರಮಾಣು ಸೇರಿದ, ಪರಿಮಳವುಳ್ಳ ಒಂದು ಆಲ್ಕೊಹಾಲ್. ಹೆಸರು ಪರದೇಶದ್ದಾದರೂ ವಸ್ತು ನಿಮ್ಮ ಸಾಂಬಾರ ಡಬ್ಬಿಯಲ್ಲೇ ಇದೆ. ಕೊತ್ತಂಬರಿ ಬೀಜದಿಂದ ಬಟ್ಟಿ ಇಳಿಸಿದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ. ಏಲಕ್ಕಿಯಲ್ಲಿ, ದಾಲ್ಚಿನ್ನಿಯ ಎಲೆಯಲ್ಲಿ, ಮಲ್ಲಿಗೆಯಲ್ಲಿ ಸ್ವಲ್ಪ ಸ್ವಲ್ಪ ಇದೆ. ಲ್ಯಾವೆಂಡರ್ ಎಣ್ಣೆಯಲ್ಲಿ ಸುಮಾರು ಮೂರನೇ ಒಂದು ಪಾಲು ಇರುತ್ತದೆ. ಕಾರ್ಖಾನೆಯಲ್ಲೂ ಇದನ್ನು ತಯಾರಿಸುತ್ತಾರೆ. ಸಾಬೂನು, ಶಾಂಪೂ, ಬಟ್ಟೆ ತೊಳೆಯುವ ದ್ರವ, ನೆಲ ಒರೆಸುವ ಫಿನಾಯಿಲ್, ಹೀಗೆ ಪರಿಮಳವುಳ್ಳ ಮನೆಬಳಕೆಯ ಸಾಮಾನಿನಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದು ಇದ್ದೇ ಇರುತ್ತದೆ.

ಹಾಗಾದರೆ ಇದರಲ್ಲಿ ದೋಷವೇ ಇಲ್ಲವೇ ಎಂದರೆ, ಇದೆ. ಆದರೆ ಅದು ಸೀಸೆಯ ಮುಚ್ಚಳ ತೆಗೆದ ನಂತರ ಹುಟ್ಟುವ ದೋಷ. ಕೊಬ್ಬರಿ ಎಣ್ಣೆಯನ್ನು ಬಹಳ ದಿನ ಇಟ್ಟರೆ ಗಾಳಿ ಸೋಕಿ ಕಮಟು ಹಿಡಿಯುವುದನ್ನು ನಾವೆಲ್ಲ ಬಲ್ಲೆವು. ಲಿನಾಲೂಲ್ ಕೂಡ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು ಹೈಡ್ರೊಪೆರಾಕ್ಸೈಡ್ ಎಂಬ ಹೊಸ ವಸ್ತುಗಳಾಗಿ ಮಾರ್ಪಡುತ್ತದೆ. ಶುದ್ಧ ಲಿನಾಲೂಲಿನಿಂದ ಚರ್ಮಕ್ಕೆ ಅಲರ್ಜಿ ಬರುವುದು ತೀರ ಅಪರೂಪ. ಈ ಹೈಡ್ರೊಪೆರಾಕ್ಸೈಡುಗಳು ಚರ್ಮದ ಪ್ರೋಟೀನಿಗೆ ಅಂಟಿಕೊಂಡು, ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಸುವಂತೆ ಮಾಡುತ್ತವೆ. ಒಮ್ಮೆ ಗುರುತು ಹಿಡಿಯಿತೆಂದರೆ ಆ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕೊಬ್ಬರಿ ಎಣ್ಣೆ ಕಮಟಿದರೆ ಮೂಗು ಕೂಡಲೇ ಹೇಳುತ್ತದೆ, ಇದು ಕಮಟಿದರೆ ಬಹುಪಾಲು ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮೋಸವಿರುವುದು ಅಲ್ಲೇ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಈ ಕ್ರಿಯೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಹಲವು ದೇಶಗಳ ಚರ್ಮರೋಗ ಚಿಕಿತ್ಸಾಲಯಗಳು ಸೇರಿ 2900 ರೋಗಿಗಳ ಬೆನ್ನಿಗೆ ಗಾಳಿಗೊಡ್ಡಿದ ಲಿನಾಲೂಲನ್ನು ಅಂಟಿಸಿ ನೋಡಿದಾಗ ನೂರಕ್ಕೆ ಸುಮಾರು 7 ಮಂದಿಗೆ ಅಲರ್ಜಿ ಕಂಡುಬಂತು. ಅವರೆಲ್ಲ ಚರ್ಮದ ತೊಂದರೆಯಿಂದಲೇ ಆಸ್ಪತ್ರೆಗೆ ಬಂದವರು ಎಂಬುದನ್ನು ಮರೆಯಬಾರದು. ಊರಿನ ನೂರು ಜನರಲ್ಲಿ ಏಳು ಜನರಿಗೆ ಎಂದು ಅದನ್ನು ಓದಿದರೆ ತಪ್ಪಾಗುತ್ತದೆ.

ಇನ್ನು ನಿಮ್ಮ ಸೀಸೆಯ ವಿಚಾರ. ಎರಡು ವರ್ಷ ಹಳೆಯದು, ಬಹುಶಃ ಅರ್ಧ ಖಾಲಿಯಾಗಿ ಆ ಜಾಗಕ್ಕೆ ಗಾಳಿ ತುಂಬಿದ್ದು, ಬೆಳಕು ಬೀಳುವ ಕಿಟಕಿ, ಪಕ್ಕದಲ್ಲಿ ಬೆಳಗ್ಗೆ ಸಂಜೆ ಕಾಯುವ ಹಂಡೆ ಒಲೆ. ಲಿನಾಲೂಲನ್ನು ಬೇಗ ಕೆಡಿಸಬೇಕೆಂದು ನನ್ನ ಪ್ರಯೋಗಶಾಲೆಯಲ್ಲಿ ಯಾರಾದರೂ ಕೇಳಿದ್ದರೆ ನಾನು ಇದಕ್ಕಿಂತ ಒಳ್ಳೆಯ ಜಾಗವನ್ನು ಹುಡುಕುತ್ತಿರಲಿಲ್ಲ. ಮೊದಲು ಆ ಸೀಸೆಯ ಬಳಕೆಯನ್ನು ನಿಲ್ಲಿಸಿ. ಆದರೆ ಎಸೆಯಬೇಡಿ, ಬಿಗಿಯಾಗಿ ಮುಚ್ಚಿಡಿ.

ಹೊಸನಗರದ ಅಡಿಕೆ ಬೆಳೆಗಾರ

ಮೇಷ್ಟ್ರೇ, ತಿಳಿಯುವ ಹಾಗೆ ಬರೆದಿದ್ದೀರಿ. ನಮ್ಮ ಮನೆಯ ಸಮಸ್ಯೆಯೂ ಇದೇ ಇರಬಹುದೇ ನೋಡಿ. ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಒಂಬತ್ತರವರೆಗೂ ಹಸಿ ಅಡಿಕೆ ಸುಲಿಯುತ್ತಾರೆ. ನಾಲ್ಕು ದಿನ ಕಳೆಯುವುದರೊಳಗೆ ಬೆರಳು, ಉಗುರಿನ ಸಂದಿ ಎಲ್ಲ ಕಾಯಿಯ ಚೊಗರಿಗೆ ಕಪ್ಪಾಗುತ್ತದೆ. ಮದುವೆ ಮನೆಗೆ ಹೋಗಬೇಕಾದವರು ಆ ಕಪ್ಪು ಬಿಡಿಸಲು ನಿಂಬೆಸಿಪ್ಪೆಗೆ ಬಟ್ಟೆ ಸೋಪಿನ ಪುಡಿ ಹಾಕಿಕೊಂಡು ತಿಕ್ಕುತ್ತಾರೆ. ಕಳೆದ ಸಲ ಮೂವರ ಕೈ ಒಡೆದು ರಕ್ತ ಬಂತು. ನಿಂಬೆ ಪರಿಮಳದ ಪಾತ್ರೆ ಸೋಪಿನಿಂದ ಹೀಗಾಯಿತೆಂದು ನನ್ನ ಹೆಂಡತಿಯ ವಾದ. ಅಡಿಕೆಯದ್ದೇ ಗುಣವೆಂದು ನನ್ನ ತಾಯಿಯ ವಾದ. ಇಬ್ಬರ ನಡುವೆ ನಾನು ಮಾತಾಡುವುದನ್ನೇ ಬಿಟ್ಟಿದ್ದೇನೆ.

ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡಿದ ದಾದಿ, ತೀರ್ಥಹಳ್ಳಿ

ಹೊಸನಗರದ ಅಣ್ಣನವರಿಗೆ: ನಿಮ್ಮ ತಾಯಿಯವರೂ ಸರಿ, ಹೆಂಡತಿಯವರೂ ಪೂರ್ತಿ ತಪ್ಪಲ್ಲ. ಚರ್ಮ ಕೆರಳುವುದರಲ್ಲಿ ಎರಡು ಬಗೆಯಿದೆ. ಒಂದು, ವಸ್ತುವಿನ ತೀಕ್ಷ್ಣತೆಯಿಂದಲೇ ಚರ್ಮ ಸುಟ್ಟಂತಾಗುವುದು. ಅದು ಸಾಕಷ್ಟು ಹೊತ್ತು ಸೋಕಿದರೆ ಯಾರಿಗಾದರೂ ಆಗುತ್ತದೆ. ಇನ್ನೊಂದು ಅಲರ್ಜಿ, ಅದು ಕೆಲವರಿಗೆ ಮಾತ್ರ, ಮೊದಲೇ ಆ ವಸ್ತುವಿಗೆ ದೇಹ ಮುನಿಸಿಕೊಂಡಿದ್ದರೆ ಮಾತ್ರ ಬರುತ್ತದೆ. ಹನ್ನೆರಡು ಜನರಲ್ಲಿ ಮೂವರಿಗೆ, ಅದೂ ಹೆಚ್ಚು ಹೊತ್ತು ಸುಲಿದು ಹೆಚ್ಚು ತಿಕ್ಕಿಕೊಂಡವರಿಗೆ ಆಗಿದ್ದರೆ ಅದು ಮೊದಲ ಬಗೆಯದ್ದೇ ಇರಬೇಕು. ಚೊಗರು, ನಿಂಬೆಯ ಹುಳಿ, ಸೋಪಿನ ಪುಡಿಯ ಕ್ಷಾರ, ಇಡೀ ದಿನದ ಒದ್ದೆ, ಇಷ್ಟು ಸೇರಿದ ಮೇಲೆ ಪರಿಮಳದ ಹೆಸರನ್ನೇ ಎತ್ತಬೇಕಿಲ್ಲ. ಆದರೆ ಹಾಗೆ ಒಡೆದ ಕೈಗೆ ಕಾವಲೇ ಇರುವುದಿಲ್ಲ; ನಿಂಬೆಸಿಪ್ಪೆಯಲ್ಲಿರುವ ಲಿಮೋನೀನ್ ಕೂಡ ಲಿನಾಲೂಲಿನ ಹಾಗೆಯೇ ಗಾಳಿಗೆ ಕೆಡುವ ವಸ್ತು. ಒಡೆದ ಚರ್ಮದ ಮೇಲೆ ಅಂಥದ್ದನ್ನು ದಿನವೂ ತಿಕ್ಕುತ್ತಾ ಹೋದರೆ ಮೊದಲ ಬಗೆಯ ರೋಗ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಕಪ್ಪು ತಾನಾಗಿ ಹೋಗುತ್ತದೆ, ತಿಕ್ಕಬೇಡಿ ಎಂದು ಅವರಿಗೆ ಹೇಳಿ. ಸುಲಿಯಲು ಕೂರುವ ಮೊದಲು ಬರಿಯ ಕೊಬ್ಬರಿ ಎಣ್ಣೆ ಸವರಿಕೊಂಡರೂ ಅಷ್ಟಿಷ್ಟು ತಡೆ ಸಿಗುತ್ತದೆ.

ಸಾಗರದ ಅಕ್ಕನಿಗೆ ಎರಡು ಪ್ರಶ್ನೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವಾಗ ಸುಣ್ಣ ಕಲಸುವುದು, ಸೋಸುವುದು ನೀವೇ ಮಾಡುತ್ತೀರಾ? ಮತ್ತು ದದ್ದು ಎದ್ದದ್ದು ತಲೆಗೆ ಎಣ್ಣೆ ಹಾಕಿದ ದಿನವೋ, ಎರಡನೆಯ ದಿನವೋ? ಅಲರ್ಜಿಯ ದದ್ದು ಸಾಮಾನ್ಯವಾಗಿ ಒಂದರಿಂದ ಮೂರು ದಿನ ತಡವಾಗಿ ಬರುತ್ತದೆ. ಹಾಗಾಗಿಯೇ ಜನ ತಪ್ಪು ವಸ್ತುವನ್ನು ದೂರುತ್ತಾರೆ. ತಲೆಗೆ ಹಚ್ಚಿದ್ದು ಇಳಿದು ಬರುವ ದಾರಿ ಕಿವಿಯ ಹಿಂಭಾಗ ಮತ್ತು ಕುತ್ತಿಗೆಯ ಬದಿ. ನೆತ್ತಿಯ ಚರ್ಮ ದಪ್ಪವಿರುವುದರಿಂದ ಅಲ್ಲಿ ಏನೂ ಕಾಣದೆ ಕೆಳಗೆ ಮಾತ್ರ ಕಾಣುವುದನ್ನು ನಾನು ಅನೇಕ ಸಲ ನೋಡಿದ್ದೇನೆ.

ಖಚಿತವಾಗಬೇಕಾದರೆ ಪ್ಯಾಚ್ ಟೆಸ್ಟ್ ಮಾಡಿಸಬೇಕು. ಅನುಮಾನದ ವಸ್ತುಗಳನ್ನು ಸಣ್ಣ ಬಟ್ಟಲಿನಂಥ ಪಟ್ಟಿಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, 48 ಗಂಟೆಯ ನಂತರ ತೆಗೆದು ನೋಡುತ್ತಾರೆ, 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ನೆನೆಯಬಾರದು, ಬೆವರಬಾರದು, ಹೊರೆ ಹೊರಬಾರದು. ನಮ್ಮ ಕಡೆಯ ಹೆಂಗಸರಿಗೆ ಪರೀಕ್ಷೆಗಿಂತ ಈ ನಾಲ್ಕು ದಿನದ ಬಿಡುವೇ ಕಷ್ಟ. ಇನ್ನೊಂದು ವಿಷಯ: ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ವಸ್ತುಗಳ ಪಟ್ಟಿಯಲ್ಲಿರುವ ‘ಫ್ರೇಗ್ರೆನ್ಸ್ ಮಿಕ್ಸ್’ ಎಂಬುದರಲ್ಲಿ ಎಂಟು ಪರಿಮಳ ವಸ್ತುಗಳಿರುತ್ತವೆ, ಲಿನಾಲೂಲ್ ಅದರಲ್ಲಿಲ್ಲ. ಅದು ನೆಗೆಟಿವ್ ಬಂದ ಮಾತ್ರಕ್ಕೆ ಪರಿಮಳದ ಅಲರ್ಜಿಯೇ ಇಲ್ಲವೆಂದು ಹೇಳಲಾಗದು. ನೀವು ಬಳಸುವ ಲೋಷನ್, ಎಣ್ಣೆ ಎಲ್ಲವನ್ನೂ ಜೊತೆಗೆ ಒಯ್ಯಿರಿ.

ಮನೆಯಲ್ಲೇ ಗಿಡಮೂಲಿಕೆ ಎಣ್ಣೆ ತಯಾರಿಸುವವರು, ಶೃಂಗೇರಿ

ಕ್ಷಮಿಸಿ, ನನ್ನದೊಂದು ಆಕ್ಷೇಪವಿದೆ. ಕಾರ್ಖಾನೆಯ ಕೃತಕ ಪರಿಮಳವನ್ನೂ ಗಿಡದಿಂದ ಬಂದ ಎಣ್ಣೆಯನ್ನೂ ನೀವು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ. ಶ್ರೀಗಂಧ, ಲವಂಗ, ಪಚ್ಚೆತೆನೆ, ಮಜ್ಜಿಗೆಹುಲ್ಲು, ಇವನ್ನೆಲ್ಲ ನಮ್ಮ ಹಿರಿಯರು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ಅಜ್ಜಿಯಂದಿರಿಗೆ ಇಲ್ಲದ ಅಲರ್ಜಿ ಈಗ ಎಲ್ಲಿಂದ ಬಂತು? ನಾನು ನೈಸರ್ಗಿಕ ಎಣ್ಣೆಯನ್ನಲ್ಲದೆ ಬೇರೆ ಏನನ್ನೂ ಬೆರೆಸುವುದಿಲ್ಲ. ಇಂಥ ಚರ್ಚೆಗಳಿಂದ ನಮ್ಮಂಥವರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಎಂಬುದನ್ನೂ ಯೋಚಿಸಿ.

ಕೊಪ್ಪದ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು

ಶೃಂಗೇರಿಯವರ ಮಾತಿನಲ್ಲಿ ನೋವಿದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ತಕ್ಕಡಿ ಒಂದೇ ಎಂದು ಹೇಳಲೇಬೇಕು. ಲ್ಯಾವೆಂಡರ್ ಗಿಡ ಕೊಟ್ಟ ಲಿನಾಲೂಲಿಗೂ ಕಾರ್ಖಾನೆ ಕೊಟ್ಟ ಲಿನಾಲೂಲಿಗೂ ಗಾಳಿ ಸೋಕಿದಾಗ ಆಗುವುದು ಒಂದೇ. ನೈಸರ್ಗಿಕ ಎಣ್ಣೆಯೊಳಗೆ ಅದನ್ನು ಕಾಪಾಡುವ ಬೇರೆ ಅಂಶಗಳಿರಬಹುದೆಂದು ಮೊದಲು ನಂಬಿದ್ದರು. ಅದೇ ಗೋಥೆನ್‌ಬರ್ಗ್ ತಂಡ ಲ್ಯಾವೆಂಡರ್ ಎಣ್ಣೆಯನ್ನು ಗಾಳಿಗಿಟ್ಟು ನೋಡಿ, ಅಂಥ ರಕ್ಷಣೆ ಇಲ್ಲವೆಂದು 2008ರಲ್ಲಿ ಪ್ರಕಟಿಸಿತು. ಕಂಪನಿಗಳಾದರೋ ಲಿನಾಲೂಲಿಗೆ ಬಿಎಚ್‌ಟಿ ಅಥವಾ ವಿಟಮಿನ್ ಇ ಯಂಥ ಉತ್ಕರ್ಷಣ ನಿರೋಧಕವನ್ನು, ಅಂದರೆ ಗಾಳಿಗೆ ಕೆಡದಂತೆ ತಡೆಯುವ ವಸ್ತುವನ್ನು, ಬೆರೆಸುವ ರೂಢಿಯಿದೆ. ಪರಿಮಳ ಉದ್ಯಮದ ಅಂತಾರಾಷ್ಟ್ರೀಯ ಸಂಘವಾದ ಇಫ್ರಾ, ಇಂಥ ಪದಾರ್ಥಗಳಲ್ಲಿ ಪೆರಾಕ್ಸೈಡಿನ ಪ್ರಮಾಣ ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆಯಿರಬೇಕೆಂದು ತನ್ನ ನಿಯಮದಲ್ಲಿ ಹೇಳುತ್ತದೆ. ‘ಏನೂ ಬೆರೆಸಿಲ್ಲ’ ಎಂಬ ಹೆಮ್ಮೆ ಈ ಒಂದು ವಿಷಯದಲ್ಲಿ ಕೊರತೆಯಾಗಿ ಪರಿಣಮಿಸುತ್ತದೆ ಎಂಬುದು ವಿಚಿತ್ರವಾದರೂ ನಿಜ.

ಯೂರೋಪಿನ ನಿಯಮವನ್ನು ಇಲ್ಲಿ ಸರಿಯಾಗಿ ಓದಿಕೊಳ್ಳೋಣ. 2003ರ ತಿದ್ದುಪಡಿಯಂತೆ 26 ಪರಿಮಳ ವಸ್ತುಗಳ ಹೆಸರನ್ನು, ಹಚ್ಚಿ ಬಿಡುವ ಸಾಮಾನಿನಲ್ಲಿ ಶೇಕಡಾ 0.001ಕ್ಕಿಂತ, ತೊಳೆದುಹೋಗುವ ಸಾಮಾನಿನಲ್ಲಿ ಶೇಕಡಾ 0.01ಕ್ಕಿಂತ ಹೆಚ್ಚಿದ್ದರೆ ಡಬ್ಬಿಯ ಮೇಲೆ ಬರೆಯಲೇಬೇಕು. ನೂರು ಗ್ರಾಂ ಲೋಷನ್ನಿನಲ್ಲಿ ಒಂದು ಮಿಲಿಗ್ರಾಂ ಎಂದ ಹಾಗಾಯಿತು. ಇದು ಹೆಸರು ಬರೆಯುವುದಕ್ಕೆ ಹಾಕಿದ ಗೆರೆಯೇ ಹೊರತು, ಅದನ್ನು ದಾಟಿದರೆ ವಿಷವೆಂದು ಅರ್ಥವಲ್ಲ. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮೇಲಕ್ಕೆ ಹಿಗ್ಗಿಸಿದರು. ಹೊಸ ಸಾಮಾನುಗಳಿಗೆ ಅದು ಅನ್ವಯವಾಗುವುದು 2026ರ ಜುಲೈ 31ರಿಂದ. ಹೊಸದಾಗಿ ಸೇರಿದ್ದರಲ್ಲಿ ಕರ್ಪೂರವಿದೆ, ಲವಂಗದ ಎಣ್ಣೆಯಿದೆ, ಮಜ್ಜಿಗೆಹುಲ್ಲಿನ ಎಣ್ಣೆಯಿದೆ, ನಮ್ಮ ಶ್ರೀಗಂಧದ ಎಣ್ಣೆಯೂ ಇದೆ. 1944ರಲ್ಲೇ ಶಿವಮೊಗ್ಗದಲ್ಲಿ ಗಂಧದೆಣ್ಣೆಯ ಸರ್ಕಾರಿ ಕಾರ್ಖಾನೆ ಆರಂಭವಾದ ಜಿಲ್ಲೆಯವರಿಗೆ ಇದು ಕೇಳಲು ಹಿತವಾಗುವ ಮಾತಲ್ಲ. ಆದರೆ ಪಟ್ಟಿಗೆ ಸೇರಿಸುವುದೆಂದರೆ ಓಡಿಸುವುದೆಂದಲ್ಲ. ಗಂಧಕ್ಕೆ ಆಗದವನು ಹೆಸರು ಓದಿ ಪಕ್ಕಕ್ಕಿಡಲಿ, ಆಗುವವನು ಬಳಸಲಿ ಎಂದಷ್ಟೇ. ನಮ್ಮ ಸೋಪುಗಳ ಮೇಲಿನ ‘ಪರ್ಫ್ಯೂಮ್’ ಎಂಬ ಒಂಟಿ ಪದದ ಬಗ್ಗೆ ನನಗಿರುವ ಅಸಮಾಧಾನ ಇದೇ. ಅದರೊಳಗೆ ಇಪ್ಪತ್ತು ವಸ್ತುವಿರಬಹುದು, ಇನ್ನೂರಿರಬಹುದು. ಸಾಗರದ ತಂಗಿಯಂಥವರಿಗೆ ಯಾವುದನ್ನು ಬಿಡಬೇಕೆಂಬುದೇ ತಿಳಿಯುವುದಿಲ್ಲ.

ಅಜ್ಜಿಯಂದಿರ ಮಾತು ಬಂತು. ಅವರು ಗಂಧವನ್ನು ಸಾಣೆಕಲ್ಲಿನ ಮೇಲೆ ಆಗಿಂದಾಗಲೇ ತೇಯ್ದು ಹಚ್ಚುತ್ತಿದ್ದರು, ಕೊತ್ತಂಬರಿಯನ್ನು ಹುರಿದು ಸಾರಿಗೆ ಹಾಕುತ್ತಿದ್ದರು. ಒಂದು ಹಿಡಿ ಬೀಜದಲ್ಲಿರುವ ಎಣ್ಣೆ ಕೆಲವೇ ಹನಿ, ಅದೂ ಹೊಟ್ಟೆಗೆ ಹೋಗುತ್ತಿತ್ತು. ಅದೇ ಎಣ್ಣೆಯನ್ನು ಸೀಸೆಯಲ್ಲಿ ಎರಡು ವರ್ಷವಿಟ್ಟು ಚರ್ಮಕ್ಕೆ ಹಚ್ಚುವ ಪದ್ಧತಿ ಅವರಲ್ಲಿ ಇರಲಿಲ್ಲ. ನೀವು ಮಾರುವ ಸೀಸೆಗಳು ಸಣ್ಣವಿರಲಿ, ಕಂದು ಗಾಜಿನವಿರಲಿ, ತಯಾರಿಸಿದ ತಿಂಗಳು ಮೇಲಿರಲಿ. ಇದರಿಂದ ವ್ಯಾಪಾರ ಕೆಡದು, ಬಹುಶಃ ಬೆಳೆಯುತ್ತದೆ.

ಶಿವಮೊಗ್ಗದ ಔಷಧ ಅಂಗಡಿಯವ

ಮಳೆಗಾಲದಲ್ಲಿ ನಮ್ಮ ಅಂಗಡಿಗೆ ದಿನಕ್ಕೆ ಹತ್ತು ಮಂದಿಯಾದರೂ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದು ಬರುತ್ತಾರೆ. ಅವರು ಹೆಸರು ಹೇಳಿ ಕೇಳುವ ಮುಲಾಮುಗಳಲ್ಲಿ ಬಹಳಷ್ಟರಲ್ಲಿ ಪ್ರಬಲ ಸ್ಟೀರಾಯ್ಡ್ ಇರುತ್ತದೆ. 2018ರಲ್ಲೇ ಅಂಥವನ್ನು ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ಬಿಗಿ ಮಾಡಿದ್ದರೂ, ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೇವೆನ್ನುತ್ತಾರೆ. ಅಲರ್ಜಿಯ ದದ್ದಾದರೆ ಅದು ಒಂದು ವಾರ ಅಡಗುತ್ತದೆ, ಕಾರಣ ಮಾತ್ರ ಬಚ್ಚಲಲ್ಲೇ ಉಳಿದಿರುತ್ತದೆ. ಹುಳುಕಡ್ಡಿಯಾಗಿದ್ದರೆ ಒಳಗೊಳಗೇ ಹಬ್ಬಿ ದೊಡ್ಡದಾಗುತ್ತದೆ. ಮಲೆನಾಡಿನ ಮಳೆಗಾಲದ ತುರಿಕೆಯಲ್ಲಿ ಹುಳುಕಡ್ಡಿಯ ಪಾಲು ದೊಡ್ಡದು ಎಂಬುದನ್ನು ಲಿನಾಲೂಲಿನ ಗಲಾಟೆಯಲ್ಲಿ ಮರೆಯಬಾರದೆಂದು ಹೇಳಲು ಇಷ್ಟು ಬರೆದೆ.

‘ಅನ್‌ಸೆಂಟೆಡ್’ ಎಂದು ಬರೆದ ಡಬ್ಬಿಯನ್ನೂ ಪೂರ್ತಿ ನಂಬಬೇಡಿ. ಕಚ್ಚಾವಸ್ತುವಿನ ವಾಸನೆ ಮುಚ್ಚಲು ಅದರಲ್ಲೂ ಕೆಲವೊಮ್ಮೆ ಪರಿಮಳ ಹಾಕಿರುತ್ತಾರೆ. ‘ಫ್ರೇಗ್ರೆನ್ಸ್ ಫ್ರೀ’ ಎಂದಿರುವುದನ್ನು ಹುಡುಕಿ, ಪಟ್ಟಿಯನ್ನೂ ಓದಿ.

ಭದ್ರಾವತಿಯ ತಾಯಿ

ನನ್ನ ಮಗನಿಗೆ ಉಬ್ಬಸವಿದೆ. ಊದುಬತ್ತಿ, ರೂಮ್ ಫ್ರೆಶ್‌ನರ್‌ಗಳಲ್ಲಿರುವ ಲಿನಾಲೂಲ್ ಉಸಿರಿಗೂ ತೊಂದರೆಯೇ, ಮೇಷ್ಟ್ರೇ?

ಕೊಪ್ಪದ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು

ಉಬ್ಬಸದ ಮಗುವಿರುವ ಮನೆಯಲ್ಲಿ ಊದುಬತ್ತಿಯ ಪರಿಮಳಕ್ಕಿಂತ ಮೊದಲು ಅದರ ಹೊಗೆಯನ್ನು ನೋಡಬೇಕು, ತಾಯೀ. ಆ ಹೊಗೆಯ ಸೂಕ್ಷ್ಮ ಕಣಗಳು ಯಾವ ಪರಿಮಳದ ಬತ್ತಿಯಿಂದ ಬಂದರೂ ಶ್ವಾಸಕೋಶಕ್ಕೆ ಒಂದೇ. ಕಿಟಕಿ ಮುಚ್ಚಿ ಫ್ರೆಶ್‌ನರ್ ಸಿಂಪಡಿಸಿದರೆ ಲಿನಾಲೂಲ್, ಲಿಮೋನೀನ್‌ಗಳು ಗಾಳಿಯಲ್ಲಿರುವ ಓಜೋನಿನೊಂದಿಗೆ ಸೇರಿ ಫಾರ್ಮಾಲ್ಡಿಹೈಡ್ ಸ್ವಲ್ಪ ಪ್ರಮಾಣದಲ್ಲಿ ಹುಟ್ಟುವುದುಂಟು. ಮಗು ಮಲಗುವ ಕೋಣೆಯಲ್ಲಿ ಎರಡೂ ಬೇಡ. ದೇವರ ಮುಂದೆ ಹೂವು ಸಾಕು.

ಸಾಗರ ಸೀಮೆಯ ಗೃಹಿಣಿ

ಆಶ್ಲೇಷ, ಮಘಾ ಎರಡೂ ಮಳೆ ಕಳೆದು, ಸ್ವಲ್ಪ ಬಿಸಿಲು ಕಂಡ ಮೇಲೆ ಶಿವಮೊಗ್ಗಕ್ಕೆ ಹೋಗಿಬಂದೆ. ಹಾಗಾಗಿ ಉತ್ತರ ತಡವಾಯಿತು.

ಸಿಸ್ಟರ್ ಕೇಳಿದ್ದಕ್ಕೆ ಮೊದಲು ಹೇಳಿಬಿಡುತ್ತೇನೆ. ಹೌದು, ಮೈಲುತುತ್ತಕ್ಕೆ ಸುಣ್ಣ ಕಲಸಿ ಸೋಸುವುದು ನಾನೇ, ಬರಿಗೈಯಲ್ಲಿ. ಎಣ್ಣೆ ಹಾಕುವುದು ಶುಕ್ರವಾರ, ತುರಿಕೆ ಜೋರಾಗುವುದು ಭಾನುವಾರ. ಈ ಲೆಕ್ಕ ನೀವು ಕೇಳುವವರೆಗೂ ನನಗೆ ಹೊಳೆದಿರಲಿಲ್ಲ. ಮೇಷ್ಟ್ರು ಹೇಳಿದ ದಿನದಿಂದ ಸೀಸೆಯನ್ನು ಮುಟ್ಟಲಿಲ್ಲ. ಮೂರು ವಾರದಲ್ಲಿ ಕುತ್ತಿಗೆ ತಿಳಿಯಾಯಿತು. ಕೈ ಹಾಗೆಯೇ ಇತ್ತು.

ಆಸ್ಪತ್ರೆಯಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ ಪೆನ್ನಿನಿಂದ ಗುರುತು ಹಾಕಿದರು. ಅವರ ವಸ್ತುಗಳ ಪಟ್ಟಿಯಲ್ಲಿ ಗಾಳಿಗೊಡ್ಡಿ ಕೆಡಿಸಿದ ಲಿನಾಲೂಲ್ ಇರಲಿಲ್ಲ. ನಾನು ಒಯ್ದಿದ್ದ ಸೀಸೆಯನ್ನು ವೈದ್ಯರು ಬೆಳಕಿಗೆ ಹಿಡಿದು ನೋಡಿದರು. ಮುಚ್ಚಳದ ಸುತ್ತ ಹಳದಿ ಅಂಟು ಕಟ್ಟಿದ್ದನ್ನು ನಾನೂ ಆಗಲೇ ಸರಿಯಾಗಿ ಗಮನಿಸಿದ್ದು. ಅದನ್ನು ನೇರವಾಗಿ ಹಚ್ಚುವಂತಿಲ್ಲವೆಂದು ತೀರ ತೆಳುವಾಗಿಸಿ ಒಂದು ಬಟ್ಟಲಿಗೆ ಹಾಕಿದರು, ಲೋಷನ್ನನ್ನು ಹಾಗೆಯೇ ಇನ್ನೊಂದಕ್ಕೆ. ನಾಲ್ಕು ದಿನ ತಂಗಿಯ ಮನೆಯಲ್ಲಿ ಕೂತಲ್ಲೇ ಕೂತಿದ್ದೆ. ಫ್ರೇಗ್ರೆನ್ಸ್ ಮಿಕ್ಸ್‌ನಲ್ಲಿ ಏನೂ ಬರಲಿಲ್ಲ, ಮಗಳ ಲೋಷನ್ನಿಗೂ ಏನೂ ಬರಲಿಲ್ಲ. ಹಳೆಯ ಎಣ್ಣೆಯ ಜಾಗದಲ್ಲಿ ಮಾತ್ರ 48 ಗಂಟೆಗೆ ಮಸುಕಾಗಿ, 96 ಗಂಟೆಗೆ ಸ್ಪಷ್ಟವಾಗಿ ಕೆಂಪು ಗುಳ್ಳೆಗಳೆದ್ದವು. ಕೈಯ ತೊಂದರೆ ಸುಣ್ಣ ಮತ್ತು ಒದ್ದೆಯದ್ದು, ಕೈಗವಸು ಹಾಕಿಕೊಳ್ಳಿ ಎಂದರು. ಲೋಷನ್ನಿನಲ್ಲೂ ಲಿನಾಲೂಲ್ ಇದೆಯಲ್ಲ ಎಂದು ಕೇಳಿದೆ. ಈಗ ಸೋಕದಿದ್ದರೂ ಡಬ್ಬಿ ತೆರೆದು ತಿಂಗಳುಗಟ್ಟಲೆ ಇಡಬೇಡಿ, ಆದಷ್ಟೂ ಪರಿಮಳವಿಲ್ಲದ್ದನ್ನೇ ಬಳಸಿ ಎಂದರು. ಕೊತ್ತಂಬರಿ ತಿನ್ನುವುದಕ್ಕೆ ಅಡ್ಡಿಯಿಲ್ಲವಂತೆ.

ಆ ಸೀಸೆಯನ್ನು ಈಗ ಏನು ಮಾಡಲಿ? ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗುತ್ತದೆ, ಅಲ್ಲಿಗೆ ಸುರಿಯಲು ಮನಸ್ಸಿಲ್ಲ.

ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡಿದ ದಾದಿ, ತೀರ್ಥಹಳ್ಳಿ

ಸುರಿಯಬೇಡಿ ಅಕ್ಕಾ, ಒಲೆಗೂ ಹಾಕಬೇಡಿ, ಭಗ್ಗನೆ ಹೊತ್ತಿಕೊಳ್ಳುತ್ತದೆ. ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಹಾಗೆ ಕಾಗದದಲ್ಲಿ ಸುತ್ತಿ, ಪೇಟೆಗೆ ಹೋದಾಗ ಪುರಸಭೆಯ ಕಸದ ಗಾಡಿಯವರಿಗೆ ಅಪಾಯಕಾರಿ ಕಸವೆಂದು ಹೇಳಿ ಬೇರೆಯಾಗಿ ಕೊಡಿ. ಪರೀಕ್ಷೆಯ ಕಿಟ್‌ನಲ್ಲಿಲ್ಲದ, ಮನೆಯಿಂದ ಒಯ್ದ ಎಣ್ಣೆಯ ಫಲಿತಾಂಶವನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು, ಏಕೆಂದರೆ ಬರಿಯ ತೀಕ್ಷ್ಣತೆಯಿಂದಲೂ ಚರ್ಮ ಕೆಂಪಾಗುವುದುಂಟು. ಆದರೆ 48 ಗಂಟೆಗಿಂತ 96ಕ್ಕೆ ಹೆಚ್ಚಾಗಿದ್ದರೆ ಅದು ಅಲರ್ಜಿಯ ನಡೆಯೇ. ಜೊತೆಗೆ ಬಿಟ್ಟ ಮೇಲೆ ಕುತ್ತಿಗೆ ವಾಸಿಯಾಗಿದೆ. ವೈದ್ಯರು ಕೊಟ್ಟ ಚೀಟಿಯಲ್ಲಿ ವಸ್ತುವಿನ ಹೆಸರು ಬರೆಸಿಕೊಂಡು ಇಟ್ಟುಕೊಳ್ಳಿ. ಬೆನ್ನಿನ ಗುರುತು ಇನ್ನೂ ಒಂದೆರಡು ವಾರ ಇರಬಹುದು, ತುರಿಸಬೇಡಿ.